ಟಾಸ್‌ಗಿಂತ ಮೊದಲೇ ಶುರುವಾಗುವ ಮ್ಯಾಚ್

ಕುವೈತಿನಲ್ಲಿ ಸೆಕೆ ಇಳಿಯಿತೆಂದರೆ ನಮ್ಮವರ ಶುಕ್ರವಾರವೇ ಬೇರೆ. ಅಬ್ಬಾಸಿಯಾ, ಮಂಗಾಫ್, ಮಹಬೂಲಾ ಕಡೆಯ ರೂಮುಗಳಿಂದ ಬೆಳಕು ಹರಿಯುವ ಮೊದಲೇ ಕಿಟ್ ಬ್ಯಾಗುಗಳು ಕಾರಿನ ಡಿಕ್ಕಿ ಸೇರುತ್ತವೆ. ಆಡುವ ಹುಮ್ಮಸ್ಸಿಗೇನೂ ಕೊರತೆಯಿಲ್ಲ. ಆದರೆ ಹೆಚ್ಚಿನ ತಂಡಗಳಲ್ಲಿ ಲೆಕ್ಕಾಚಾರ ಶುರುವಾಗುವುದು ಟಾಸ್ ಆದ ಮೇಲೆ. ಗುರುವಾರ ರಾತ್ರಿಯೇ ಕ್ಯಾಪ್ಟನ್ ಎಲ್ಲರಿಗೂ ಒಂದು ಫೋನ್ ಮಾಡಿ ಕೇಳಬೇಕು: ಯಾರಿಗೆ ನೈಟ್ ಡ್ಯೂಟಿ?

ಕಳೆದ ಸೀಸನ್‌ನಲ್ಲಿ ನಾವು ಇದನ್ನು ಕೇಳಲಿಲ್ಲ. ನಮ್ಮ ಫಾಸ್ಟ್ ಬೌಲರ್ ಹನ್ನೆರಡು ತಾಸು ದುಡಿದು ನೇರ ಮೈದಾನಕ್ಕೆ ಬಂದಿದ್ದ. ಹೇಳಿದರೆ ಕೂರಿಸಿಬಿಡ್ತಾರೆ ಅಂತ ಹೇಳಿರಲಿಲ್ಲ. ಮೂರನೇ ಓವರಿಗೆ ಮೀನಖಂಡ ಹಿಡಿದುಕೊಂಡಿತು. ಮ್ಯಾಚ್ ಹೋದದ್ದು ಹೋಗಲಿ, ಮಾರಾಯ್ರೆ, ಅವನು ಆ ವಾರವೆಲ್ಲ ಕುಂಟಿಕೊಂಡೇ ಕೆಲಸಕ್ಕೆ ಹೋದ. ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ: ನಿದ್ದೆಗೆಟ್ಟು ಬಂದವನನ್ನು ತಂಡದಿಂದ ಬಿಡುವುದಿಲ್ಲ, ಆದರೆ ಎರಡೇ ಓವರ್, ಅದೂ ಒಂದೇ ಸ್ಪೆಲ್ ಅಲ್ಲ, ಫೀಲ್ಡಿಂಗ್ ಮಿಡ್ ಆನ್‌ನಲ್ಲಿ. ಕೂರಿಸುವುದಿಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ನಿಜ ಹೇಳುತ್ತಿದ್ದಾರೆ.

ಇನ್ನು ಪಿಚ್. ನಾವು ಆಡುವುದು ಹೆಚ್ಚಾಗಿ ಸಿಮೆಂಟಿನ ಮೇಲೆ ಹಾಸಿದ ಮ್ಯಾಟ್‌ನಲ್ಲಿ. ಮ್ಯಾಟ್ ಬಿಗಿಯಾಗಿದ್ದರೆ ಚೆಂಡು ಎತ್ತರಕ್ಕೆ, ನೇರಕ್ಕೆ ಪುಟಿಯುತ್ತದೆ. ಸಡಿಲವಿದ್ದರೆ ನಿಂತು ಬರುತ್ತದೆ, ಜಾಸ್ತಿ ತಿರುಗುತ್ತದೆ. ಟಾಸ್‌ಗೆ ಹೋಗುವ ಮುನ್ನ ಕ್ಯಾಪ್ಟನ್ ಕಾಲಿನಿಂದ ಒತ್ತಿ ನೋಡಲಿ. ಬಿಗಿ ಮ್ಯಾಟ್‌ನಲ್ಲಿ ಬೌಲರ್ ಚೆಂಡನ್ನು ಗಿಡ್ಡ ಹಾಕಿದರೆ ಬ್ಯಾಟ್ಸ್‌ಮನ್‌ಗೆ ಹಬ್ಬ. ಇನ್ನೂ ಎರಡು ಅಡಿ ಮುಂದೆ ಹಾಕಬೇಕು. ಸಡಿಲ ಮ್ಯಾಟ್‌ನಲ್ಲಿ ವೇಗ ಬಿಟ್ಟು ಬೆರಳು ಉಜ್ಜಿ ಕಟರ್ ಹಾಕಿದರೆ ಸಾಕು, ಉಳಿದದ್ದನ್ನು ಮ್ಯಾಟ್ ನೋಡಿಕೊಳ್ಳುತ್ತದೆ. ಮ್ಯಾಟ್‌ನ ಅಂಚು ಎದ್ದಿದ್ದರೆ ಮಾತ್ರ ಮೊಳೆ ಹೊಡೆಯದೆ ಆಟ ಶುರು ಮಾಡಬೇಡಿ. ಮರಳಿನಲ್ಲಿ ಓಡಿ ಬಂದು ಅಂಚಿನ ಮೇಲೆ ಕಾಲಿಟ್ಟರೆ ಹರಡು ಉಳುಕುವುದು ಗ್ಯಾರಂಟಿ.

ಕರಾವಳಿಯ ಹುಡುಗರಿಗೆ ಇನ್ನೊಂದು ಮಾತು. ಕೊಯ್ಲು ಮುಗಿದ ಗದ್ದೆಯಲ್ಲಿ ಅಂಡರ್‌ಆರ್ಮ್ ಆಡಿ ಬೆಳೆದವರು ನಾವು. ತಗ್ಗಿ ಬರುವ ಚೆಂಡಿಗೆ ಕಾಲು ಅಗಲಿಸಿ ಅಡ್ಡ ಬೀಸುವುದು ರಕ್ತದಲ್ಲೇ ಇದೆ. ಇಲ್ಲಿ ಎದೆ ಮಟ್ಟಕ್ಕೆ ಏಳುವ ಲೆದರ್ ಬಾಲ್‌ಗೆ ಹಾಗೇ ಬೀಸಿದರೆ ಚೆಂಡು ಬ್ಯಾಟಿನ ಮೇಲ್ತುದಿಗೆ ತಾಗಿ ಆಕಾಶಕ್ಕೆ. ಹಿಂದಿನ ಕಾಲು ಸ್ಟಂಪಿನ ಕಡೆ ಇಟ್ಟು ಕಟ್, ಪುಲ್ ಕಲಿಯಿರಿ. ನೆಟ್ಸ್ ಇಲ್ಲದಿದ್ದರೂ ಪರವಾಗಿಲ್ಲ. ಹದಿನೈದು ಹೆಜ್ಜೆ ದೂರದಿಂದ ಗೆಳೆಯ ಟೆನಿಸ್ ಬಾಲನ್ನು ನೆಲಕ್ಕೆ ಕುಟ್ಟಿ ಎಸೆದರೆ ಅದೇ ಅಭ್ಯಾಸ.

ಮರಳು ಮೈದಾನದಲ್ಲಿ ನೆಲದ ಮೇಲೆ ಹೋದ ಚೆಂಡು ಬೌಂಡರಿ ಮುಟ್ಟುವ ಮೊದಲೇ ಸುಸ್ತಾಗುತ್ತದೆ. ಹಾಗಾಗಿ ಇಲ್ಲಿ ಮ್ಯಾಚ್ ಗೆಲ್ಲಿಸುವುದು ಎರಡನೇ ರನ್. ಇಪ್ಪತ್ತು ಓವರಿನ 120 ಚೆಂಡುಗಳಲ್ಲಿ ಐವತ್ತು ಡಾಟ್ ಬಾಲ್ ಆಡುವ ತಂಡ ಅದರಲ್ಲಿ ಹತ್ತನ್ನು ಸಿಂಗಲ್ ಮಾಡಿಕೊಂಡರೆ ಹತ್ತು ರನ್ ಪುಕ್ಕಟೆ. ಓಡುವಾಗ ಶೂ ಮುಖ್ಯ. ಮ್ಯಾಟ್‌ಗೆ ಕಬ್ಬಿಣದ ಸ್ಪೈಕ್ಸ್ ಬೇಡ, ರಬ್ಬರ್ ಗುಬುಟಿನದೇ ಸರಿ. 1974ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯ ಕ್ಯಾಪ್ಟನ್ ಅಜಿತ್ ವಾಡೇಕರ್ ಓಡುವಾಗ ಜಾರಿ ರನ್ ಔಟ್ ಆದರು. ಪ್ರಸನ್ನ ಅವರ ಕರ್ನಾಟಕ ಮೊದಲ ಇನಿಂಗ್ಸ್ ಮುನ್ನಡೆ ಪಡೆದು ಫೈನಲ್‌ಗೆ ಹೋಯಿತು, ಕಪ್ಪನ್ನೂ ತಂದಿತು. ಹದಿನೈದು ವರ್ಷ ಬಿಡದೆ ಗೆದ್ದ ಬಾಂಬೆಯ ಓಟ ಅಲ್ಲಿಗೆ ನಿಂತಿತು. ಅಂಥವರೇ ಜಾರಿದ್ದಾರೆ, ನಮ್ಮ ಸವೆದ ಶೂ ಯಾವ ಲೆಕ್ಕ!

ಎಲ್ಲಕ್ಕಿಂತ ಕಷ್ಟದ ವಿಷಯ ಹನ್ನೊಂದನೆಯವನದು. ವಾರಕ್ಕೆ ಸಿಗುವ ಒಂದೇ ರಜೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬರುತ್ತಾನೆ, ಪೆಟ್ರೋಲಿಗೆ ಪಾಲು ಕೊಡುತ್ತಾನೆ. ಬ್ಯಾಟಿಂಗ್ ಬರುವುದಿಲ್ಲ, ಬೌಲಿಂಗ್ ಕೊಡುವುದಿಲ್ಲ, ಲಾಂಗ್ ಆನ್‌ನಲ್ಲಿ ಮರಳು ತಿಂದು ರೂಮಿಗೆ ವಾಪಸು. ಮೂರು ವಾರ ಹೀಗಾದರೆ ನಾಲ್ಕನೇ ವಾರ ಅವನ ಫೋನ್ ಸ್ವಿಚ್ ಆಫ್. ಆಮೇಲೆ ಹತ್ತೇ ಜನ ಇಟ್ಟುಕೊಂಡು ಆಡುವ ಪಾಡು ನಮ್ಮದು. ಒಬ್ಬರಿಗೆ ನಾಲ್ಕೇ ಓವರ್ ಆದ್ದರಿಂದ ಐದು ಬೌಲರ್ ಹೇಗೂ ಬೇಕು. ಆರನೆಯವನಾಗಿ ಇವನಿಗೆ ಎಂಟರಿಂದ ಹನ್ನೆರಡನೇ ಓವರಿನ ನಡುವೆ ಒಂದು ಓವರ್ ಕೊಡಿ. ಆಗ ಐದು ಮಂದಿ ಬೌಂಡರಿಯಲ್ಲಿ ನಿಲ್ಲಬಹುದು, ಹೊಡೆತ ಬಿದ್ದರೂ ಸರಿಪಡಿಸಲು ಸಮಯ ಇರುತ್ತದೆ. ಹತ್ತೊಂಬತ್ತನೇ ಓವರ್ ಕೊಟ್ಟು ಆಮೇಲೆ ಅವನನ್ನೇ ಬೈಯುವ ಕ್ಯಾಪ್ಟನ್‌ಗಳನ್ನು ನಾವು ನೋಡಿದ್ದೇವೆ. ಅದು ಅನ್ಯಾಯ.

ಬಿಸಿಲಿನ ಬಗ್ಗೆ ಸಲುಗೆ ಬೇಡ. 2016ರ ಜುಲೈಯಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಆ ಹೊತ್ತಿಗೆ ಆಟವೂ ಬೇಡ. ಉಳಿದ ತಿಂಗಳಲ್ಲೂ ಐದು ಓವರಿಗೊಮ್ಮೆ ನೀರು. ಬಕಾಲಾದ ಲಬನ್‌ಗೆ ನೀರು, ಉಪ್ಪು ಹಾಕಿದರೆ ಊರಿನ ಮಜ್ಜಿಗೆಯೇ. ಫೀಲ್ಡರ್ ತೊದಲಿದರೆ, ದಿಕ್ಕು ತಪ್ಪಿದವನಂತೆ ಆಡಿದರೆ ಆಟ ನಿಲ್ಲಿಸಿ, ನೆರಳಿಗೆ ಎಳೆದು ಮೈ ಒದ್ದೆ ಮಾಡಿ, 112ಕ್ಕೆ ಫೋನ್ ಮಾಡಿ. ಸ್ಕೋರ್ ಆಮೇಲೆ ನೋಡೋಣ.

ಈ ಶುಕ್ರವಾರ ನಮ್ಮ ಮ್ಯಾಟ್ ಎಳೆದು ಕಟ್ಟಲು ಇನ್ನೂ ಇಬ್ಬರು ಬೇಕು. ಬರುವವರು ಒಂದು ಸುತ್ತಿಗೆ ಹಿಡ್ಕೊಂಡು ಬನ್ನಿ, ಹೋದ ವಾರದ್ದು ಮರಳಿನಲ್ಲಿ ಎಲ್ಲೋ ಹೂತುಹೋಗಿದೆ.