ಕಾಳು ಜಾರುವ ಮುನ್ನ

ಜಹೀರಾಬಾದಿನ ಹತ್ತಿರದ ಪಸ್ತಾಪುರದ ಕಡೆ ಬೀಜ ಹಸನು ಮಾಡುವ ಹೆಂಗಸರ ಕೈ ನೋಡಬೇಕು. ಮೊರದ ತುಂಬ ನವಣೆ. ಒಂದು ಕಾಳು ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಹೆಬ್ಬೆರಳೂ ತೋರುಬೆರಳೂ ಕೂಡಿ ಕಲ್ಲು, ಜೊಳ್ಳು ಹೆಕ್ಕುತ್ತವೆ. ಬಿಗಿ ಹೆಚ್ಚಾದರೆ ಕಾಳು ಚಿಮ್ಮುತ್ತದೆ, ಕಡಿಮೆಯಾದರೆ ಜಾರುತ್ತದೆ. ಮಾತು ನಡೆದೇ ಇರುತ್ತದೆ, ಕಣ್ಣು ಅತ್ತಿತ್ತ ಹೋಗುತ್ತದೆ, ಬೆರಳು ಮಾತ್ರ ತಪ್ಪುವುದಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಗೆಳೆಯರೊಂದಿಗೆ 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆಲೆ ಇದು. ಇಲ್ಲಿನ ದಲಿತ ಹೆಂಗಸರ ಸಂಘಗಳು ಜೋಳ, ಸಜ್ಜೆ, ನವಣೆಯ ನಾಟಿ ತಳಿಗಳನ್ನು ಬೂದಿ, ಬೇವಿನೆಲೆ ಬೆರೆಸಿ ಕಾಪಾಡಿಕೊಂಡು ಬಂದಿವೆ. ಆ ತಳಿಗಳು ಉಳಿದದ್ದರಲ್ಲಿ ಈ ಬೆರಳುಗಳ ಪಾಲು ದೊಡ್ಡದು.

ಬೆರಳು ಹೀಗೆ ತಪ್ಪದಿರುವುದರ ಗುಟ್ಟು ಚರ್ಮದಲ್ಲಿದೆ. ಚರ್ಮವೆಂದರೆ ಬಿಸಿ, ತಂಪು, ನೋವಿನ ಸುದ್ದಿ ಮುಟ್ಟಿಸುವ ಅಂಗ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಸ್ನಾಯುಗಳನ್ನೂ ನಡೆಸುತ್ತದೆ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈಯ ಕೆಳಗೆ ಹಿಡಿದುಕೊಂಡು, ಬಲಗೈ ಬೆರಳುಗಳಿಂದ ಏನನ್ನಾದರೂ ಚಿವುಟಿ ನೋಡಿ. ಒಳಗೆ ಸ್ನಾಯು ಉಬ್ಬುವುದು ಗೊತ್ತಾಗುತ್ತದೆ. ಸ್ಪರ್ಶ ಬೆರಳ ತುದಿಯಲ್ಲಿ, ಬಲದ ಬಹುಪಾಲು ಮುಂಗೈಯಲ್ಲಿ. ಇವೆರಡನ್ನೂ ಬೆಸೆಯುವುದು ನರ. ಒಂದೊಂದು ಕೈಯ ಒಳಬದಿಯ ಚರ್ಮದಲ್ಲಿ ಇಂಥ ಸ್ಪರ್ಶ ತಂತುಗಳು ಸುಮಾರು 17,000 ಇವೆ.

ಸ್ವೀಡನ್ನಿನ ಊಮಿಯೋದಲ್ಲಿ ಯೋಹಾನ್ಸನ್ ಮತ್ತು ವೆಸ್ಟ್‌ಲಿಂಗ್ ಎಂಬ ಸಂಶೋಧಕರು 1980ರ ದಶಕದಲ್ಲಿ ಸ್ಪರ್ಶ ಮತ್ತು ಬಲದ ಈ ಬೆಸುಗೆಯನ್ನು ಅಳೆದರು. ಎರಡು ಬೆರಳಲ್ಲಿ ಹಿಡಿದ ವಸ್ತು ಕೂದಲೆಳೆಯಷ್ಟು ಜಾರಿದರೂ ಸಾಕು, ಸೆಕೆಂಡಿನ ಹತ್ತನೇ ಒಂದು ಭಾಗವೂ ಕಳೆಯುವ ಮೊದಲೇ ಹಿಡಿತ ಬಿಗಿಯಾಗುತ್ತಿತ್ತು. ಹಿಡಿದವರಿಗೆ ಜಾರಿದ್ದೇ ತಿಳಿದಿರುತ್ತಿರಲಿಲ್ಲ. ಬೆರಳಿಗೆ ಅರಿವಳಿಕೆ ಕೊಟ್ಟಾಗ ಈ ತಿದ್ದುಪಡಿ ಕೆಟ್ಟುಹೋಯಿತು. ಸ್ನಾಯು ಗಟ್ಟಿಯಾಗಿಯೇ ಇತ್ತು, ಅದಕ್ಕೆ ದಾರಿ ತೋರುವವರಿರಲಿಲ್ಲ.

ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ನೆನೆಯಿರಿ. ಕೈ ಸುಟ್ಟರೆ ಮೆದುಳಿಗೆ ನೋವು ಮುಟ್ಟುವ ಮೊದಲೇ ಬೆನ್ನುಹುರಿ ಆಜ್ಞೆ ಕೊಟ್ಟು, ರಟ್ಟೆಯ ಸ್ನಾಯು ಮೊಣಕೈ ಮಡಿಚಿ ಕೈಯನ್ನು ಹಿಂದಕ್ಕೆಳೆಯುತ್ತದೆ. ಅದೇ ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಇದ್ದರೆ, ಕೆಳಗೆ ಮಗು ಕೂತಿದ್ದರೆ, ನಾವು ಬಿಡುವುದಿಲ್ಲ. ಮೆದುಳು ಮೇಲಿಂದ ತಡೆ ಹಾಕುತ್ತದೆ. ಕೆನಡಾದ ಪ್ರಯೋಗಗಳಲ್ಲಿ ಇನ್ನೊಂದು ಸೋಜಿಗ ಕಂಡಿತು. ಕೈಗಳಿಂದ ಪೆಡಲ್ ತಿರುಗಿಸುವಾಗ ಮಣಿಕಟ್ಟಿನ ಚರ್ಮದ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟರೆ ಭುಜದವರೆಗಿನ ಸ್ನಾಯುಗಳು ಪ್ರತಿಕ್ರಿಯಿಸುತ್ತವೆ. ಆ ಪ್ರತಿಕ್ರಿಯೆ, ತೋಳು ಸುತ್ತಿನ ಯಾವ ಹಂತದಲ್ಲಿದೆ ಎಂಬುದರ ಮೇಲೆ ಬದಲಾಗುತ್ತದೆ.

ಸ್ಪರ್ಶದ ಈ ನರಗಳು ಸತ್ತರೆ ಏನಾಗುತ್ತದೆಂದು ಕುಷ್ಠರೋಗ ಕಂಡವರಿಗೆ ಗೊತ್ತು. ಕುಡುಗೋಲಿನ ಹಿಡಿಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿದು ಅಂಗೈ ಹುಣ್ಣಾದರೂ ತಿಳಿಯುವುದಿಲ್ಲ. ಆದ್ದರಿಂದ ಮೈಮೇಲೆ ಮುಟ್ಟಿದರೆ ಗೊತ್ತಾಗದ ಬಿಳಿಚಿದ ಮಚ್ಚೆ ಕಂಡರೆ, ಬೆರಳು ಜೋಮು ಹಿಡಿದು ಬಿಡದಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠದ ಔಷಧ ಅಲ್ಲಿ ಉಚಿತ.