ನೆಟ್‌ವರ್ಕ್ ಸ್ವಿಚ್‌ಗಳ ಆಯ್ಕೆ: ದರಪಟ್ಟಿಗೆ ಮೊದಲು ಅಗತ್ಯಪಟ್ಟಿ

ನಮೂನೆ-9 ಪಡೆಯಲು ಗ್ರಾಮ ಪಂಚಾಯತಿ ಕಚೇರಿಗೆ ಬಂದ ಗ್ರಾಮಸ್ಥರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ದೊರೆತರೆ, ಅವರ ಒಂದು ದಿನದ ದುಡಿಮೆ ವ್ಯರ್ಥವಾದಂತೆಯೇ ಸರಿ. ಇಂತಹ ಅಡಚಣೆಗಳೆಲ್ಲವೂ ದೂರದ ಸರ್ವರಿನಿಂದಲೇ ಉಂಟಾಗುತ್ತವೆ ಎಂದು ಹೇಳಲಾಗದು. ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಚಿಕ್ಕದೊಂದು ಪೆಟ್ಟಿಗೆಯೂ ಅದಕ್ಕೆ ಕಾರಣವಾಗಿರಬಹುದು. ಆ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್.

ಇದರ ಖರೀದಿಗೆ ಅನುಮೋದನೆ ನೀಡುವುದು ಪಂಚಾಯತಿಯ ಸಭೆ. ಆದರೆ ಸಭೆಯ ಮುಂದೆ ಬರುವ ಪ್ರಸ್ತಾವನೆಯಲ್ಲಿ ‘24 ಪೋರ್ಟ್ ಸ್ವಿಚ್, ಸಂಖ್ಯೆ 1’ ಎಂಬ ಒಂದೇ ಸಾಲು ಇದ್ದರೆ, ಮೂರು ದರಪಟ್ಟಿಗಳನ್ನು ಹೋಲಿಸುವುದು ನಿಷ್ಪ್ರಯೋಜಕ. ಒಂದೇ ಹೆಸರಿನ ಮೂರು ಬೇರೆ ಬೇರೆ ವಸ್ತುಗಳ ಬೆಲೆಯನ್ನು ಹೋಲಿಸಿದಂತಾಗುತ್ತದೆ. ಆದ್ದರಿಂದ ಸ್ವಿಚ್ ಆಯ್ಕೆಯ ಮುಖ್ಯ ಅಂಶಗಳನ್ನು ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸ್ವಿಚ್ ಮಾಡುವ ಕೆಲಸ

ಹಿಂದೆ ಬಳಕೆಯಲ್ಲಿದ್ದ ‘ಹಬ್’ ಎಂಬ ಸಾಧನವು ಡಂಗುರ ಸಾರಿದಂತೆ, ಬಂದ ಮಾಹಿತಿಯನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಕಳುಹಿಸುತ್ತಿತ್ತು. ಸ್ವಿಚ್ ಹಾಗಲ್ಲ. ಯಾವ ಪೋರ್ಟಿನಲ್ಲಿ ಯಾವ ಸಾಧನವಿದೆ ಎಂಬುದನ್ನು ಅದು ಗುರುತಿಟ್ಟುಕೊಂಡು, ಊರಿನ ಮನೆಗಳನ್ನು ಬಲ್ಲ ಅಂಚೆಯವರಂತೆ, ಮಾಹಿತಿಯನ್ನು ಸೇರಬೇಕಾದವರಿಗೆ ಮಾತ್ರ ತಲುಪಿಸುತ್ತದೆ. ಹೊರಗಿನಿಂದ ಇಂಟರ್‌ನೆಟ್ ತರುವುದು ಭಾರತ್‌ನೆಟ್‌ನಂತಹ ಸಂಪರ್ಕದ ಕೆಲಸ. ಅದನ್ನು ಕಚೇರಿಯೊಳಗೆ ಹಂಚುವುದು ಸ್ವಿಚ್‌ನ ಕೆಲಸ. ಸ್ವಿಚ್ ಬದಲಿಸಿದ ಮಾತ್ರಕ್ಕೆ ಹೊರಗಿನ ಸಂಪರ್ಕದ ವೇಗ ಹೆಚ್ಚುವುದಿಲ್ಲ ಎಂಬುದನ್ನು ಮೊದಲೇ ಮನಗಾಣುವುದು ಒಳಿತು.

ಬೃಹತ್ ಜಾಲದ ಮೂರು ಹಂತಗಳು

ದೊಡ್ಡ ಸಂಸ್ಥೆಗಳ ಜಾಲವನ್ನು ಸಾಮಾನ್ಯವಾಗಿ ನೀರಾವರಿ ವ್ಯವಸ್ಥೆಯಂತೆ ಮೂರು ಹಂತಗಳಲ್ಲಿ ರೂಪಿಸಲಾಗುತ್ತದೆ. ಕೇಂದ್ರ ಸ್ವಿಚ್ ಮುಖ್ಯ ನಾಲೆಯಿದ್ದಂತೆ. ವಿತರಣಾ ಸ್ವಿಚ್‌ಗಳು ಉಪನಾಲೆಗಳಂತೆ. ಬಳಕೆದಾರರ ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್‌ಗಳು ಹೊಲಗಾಲುವೆಗಳಂತೆ. ಮುಖ್ಯ ನಾಲೆ ಒಡೆದರೆ ಇಡೀ ಅಚ್ಚುಕಟ್ಟಿಗೆ ನೀರಿಲ್ಲ. ಆದ ಕಾರಣ ಕೇಂದ್ರ ಸ್ವಿಚ್‌ಗೆ ಸೆಕೆಂಡಿಗೆ 10 ಗಿಗಾಬಿಟ್ ಅಥವಾ ಅದಕ್ಕೂ ಹೆಚ್ಚಿನ ವೇಗ, ಎರಡು ವಿದ್ಯುತ್ ಪೂರೈಕೆ ಘಟಕಗಳು ಮತ್ತು ಜೋಡಿ ಸ್ವಿಚ್‌ನ ವ್ಯವಸ್ಥೆ ಬೇಕಾಗುತ್ತದೆ.

ಗ್ರಾಮ ಪಂಚಾಯತಿಯ ಸ್ವಿಚ್ ಹೊಲಗಾಲುವೆಯ ಹಂತದ್ದು. ಮುಖ್ಯ ನಾಲೆಯ ಗಾತ್ರವನ್ನು ಹೊಲಗಾಲುವೆಗೆ ನೀಡುವುದು ಅಪವ್ಯಯ. ಕಾಲುವೆಯೇ ಸೋರುವಂತಿದ್ದರೆ ಮೇಲಿನ ವೆಚ್ಚವೆಲ್ಲವೂ ವ್ಯರ್ಥ.

ಅನುಮೋದನೆಗೆ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳು

1. ಎಷ್ಟು ಸಾಧನಗಳಿವೆ, ಎಷ್ಟು ದೂರದಲ್ಲಿವೆ?
ಒಂದು ಪಂಚಾಯತಿಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಕಚೇರಿಯಲ್ಲಿ 6 ಕಂಪ್ಯೂಟರ್, 2 ಪ್ರಿಂಟರ್, ಬಾಪೂಜಿ ಸೇವಾ ಕೇಂದ್ರದಲ್ಲಿ 2 ಕಂಪ್ಯೂಟರ್, 8 ಕ್ಯಾಮೆರಾ ಮತ್ತು 2 ವೈ-ಫೈ ಸಾಧನಗಳಿವೆ. ಒಟ್ಟು 20. ಇಂಟರ್‌ನೆಟ್ ಸಂಪರ್ಕಕ್ಕೆ 1 ಪೋರ್ಟ್ ಸೇರಿಸಿದರೆ 21. 24 ಪೋರ್ಟ್‌ಗಳ ಸ್ವಿಚ್‌ನಲ್ಲಿ 3 ಮಾತ್ರ ಮುಂದಿನ ಅಗತ್ಯಕ್ಕೆ ಉಳಿಯುತ್ತವೆ. ಪಕ್ಕದ ಕಟ್ಟಡದಲ್ಲಿ ಗ್ರಂಥಾಲಯವಿದ್ದರೆ ಅಲ್ಲಿಗೆ ಪ್ರತ್ಯೇಕವಾಗಿ 8 ಪೋರ್ಟ್‌ಗಳ ಚಿಕ್ಕ ಸ್ವಿಚ್ ಸಾಕಾಗಬಹುದು. ತಾಮ್ರದ ಕೇಬಲ್ಲಿನ ಮಿತಿ 100 ಮೀಟರ್. ಅದಕ್ಕಿಂತ ದೂರವಿದ್ದಲ್ಲಿ ಆಪ್ಟಿಕಲ್ ಫೈಬರ್ ಅಗತ್ಯ. ಫೈಬರ್ ಜೋಡಿಸಲು ಎಸ್.ಎಫ್.ಪಿ. ಎಂಬ ಕಿಂಡಿ ಸ್ವಿಚ್‌ನಲ್ಲಿರಬೇಕು.

2. ಕೇಬಲ್ ಮೂಲಕ ಒದಗಿಸುವ ವಿದ್ಯುತ್ ಸಾಕಾಗುವುದೇ?
ಕ್ಯಾಮೆರಾ ಹಾಗೂ ವೈ-ಫೈ ಸಾಧನಗಳಿಗೆ ನೆಟ್‌ವರ್ಕ್ ಕೇಬಲ್ ಮೂಲಕವೇ ವಿದ್ಯುತ್ ನೀಡುವ ವ್ಯವಸ್ಥೆಗೆ ಪಿ.ಒ.ಇ. ಎನ್ನಲಾಗುತ್ತದೆ. 2003ರ 802.3ಎಎಫ್ ಮಾನಕದಂತೆ ಒಂದು ಪೋರ್ಟ್ 15.4 ವ್ಯಾಟ್, 2009ರ 802.3ಎಟಿ ಮಾನಕದಂತೆ 30 ವ್ಯಾಟ್ ಒದಗಿಸಬಲ್ಲದು. ಆದರೆ ಎಲ್ಲ ಪೋರ್ಟ್‌ಗಳಿಗೂ ಸೇರಿ ಸ್ವಿಚ್ ನೀಡಬಲ್ಲ ಒಟ್ಟು ವಿದ್ಯುತ್ತಿಗೆ ಬೇರೊಂದು ಮಿತಿ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಕ್ಯಾಮೆರಾಕ್ಕೆ ಗರಿಷ್ಠ 12 ವ್ಯಾಟ್‌ನಂತೆ 96, ವೈ-ಫೈ ಸಾಧನಕ್ಕೆ 20 ವ್ಯಾಟ್‌ನಂತೆ 40, ಒಟ್ಟು 136 ವ್ಯಾಟ್ ಬೇಕು. 120 ವ್ಯಾಟ್ ಮಿತಿಯ ಅಗ್ಗದ ಸ್ವಿಚ್ ತಂದರೆ ಹಗಲಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುವಂತೆ ಕಾಣಬಹುದು. ರಾತ್ರಿ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪಗಳು ಹೊತ್ತಿದಾಗ ಬೇಡಿಕೆ ಹೆಚ್ಚಿ, ಕೆಲವು ಕ್ಯಾಮೆರಾಗಳು ನಿಂತುಹೋಗುತ್ತವೆ. ಕಾವಲು ಬೇಕಾದ ಹೊತ್ತಿನಲ್ಲೇ ಕಾವಲು ಇಲ್ಲವಾಗುತ್ತದೆ. ಲೆಕ್ಕಕ್ಕೆ ಕಾಲು ಭಾಗ ಸೇರಿಸಿ 170 ವ್ಯಾಟ್‌ಗೆ ಕಡಿಮೆ ಇಲ್ಲದಂತೆ ನಮೂದಿಸುವುದು ಕ್ಷೇಮ.

3. ಎಷ್ಟು ವೇಗ ಬೇಕು?
ಪ್ರತಿ ಪೋರ್ಟಿಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವು ಪಂಚಾಯತಿ ಕಚೇರಿಗೆ ಧಾರಾಳವಾಗಿ ಸಾಲುತ್ತದೆ. ಇಂತಹ 24 ಪೋರ್ಟ್‌ಗಳು ಎರಡೂ ದಿಕ್ಕಿನಲ್ಲಿ ಪೂರ್ಣ ವೇಗದಿಂದ ಕೆಲಸ ಮಾಡಲು ಸ್ವಿಚ್‌ನ ಒಳಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್ ಇರಬೇಕು. ಹೊರಗಿನ ಸಂಪರ್ಕವೇ ಸೆಕೆಂಡಿಗೆ 100 ಮೆಗಾಬಿಟ್ ಇರುವಲ್ಲಿ 10 ಗಿಗಾಬಿಟ್ ಪೋರ್ಟ್‌ಗಳಿಗಾಗಿ ಹಣ ವ್ಯಯಿಸುವುದು ಅನಗತ್ಯ.

4. ಜಾಲವನ್ನು ವಿಭಾಗಿಸಲು ಸಾಧ್ಯವೇ?
ಸಾರ್ವಜನಿಕರ ವೈ-ಫೈ, ಕ್ಯಾಮೆರಾಗಳು ಮತ್ತು ಲೆಕ್ಕಪತ್ರದ ಕಂಪ್ಯೂಟರ್‌ಗಳು ಒಂದೇ ಜಾಲದಲ್ಲಿದ್ದರೆ, ಯಾರದೋ ಮೊಬೈಲಿನಲ್ಲಿರುವ ವೈರಸ್ ಪಂಚಾಯತಿಯ ದಾಖಲೆಗಳವರೆಗೆ ತಲುಪುವ ಅಪಾಯವಿದೆ. ‘ಮ್ಯಾನೇಜ್ಡ್’ ಸ್ವಿಚ್‌ನಲ್ಲಿ ವಿ-ಲ್ಯಾನ್ ಮೂಲಕ ಇವುಗಳನ್ನು ಬೇರ್ಪಡಿಸಬಹುದು. ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ತಪ್ಪಿ ಅದೇ ಸ್ವಿಚ್‌ಗೆ ಜೋಡಿಸಿದರೆ ಮಾಹಿತಿ ಸುತ್ತುತ್ತಲೇ ಉಳಿದು ಇಡೀ ಕಚೇರಿಯ ಕೆಲಸ ಸ್ಥಗಿತಗೊಳ್ಳಬಹುದು. ಇದನ್ನು ತಡೆಯುವ ‘ಸ್ಪ್ಯಾನಿಂಗ್ ಟ್ರೀ’ ವ್ಯವಸ್ಥೆಯೂ ಮ್ಯಾನೇಜ್ಡ್ ಸ್ವಿಚ್‌ನಲ್ಲಿರುತ್ತದೆ. ಈ ಅಂಶದಲ್ಲಿ ಉಳಿತಾಯ ಮಾಡುವುದು ತರವಲ್ಲ.

5. ವಿದ್ಯುತ್ ವ್ಯತ್ಯಯ ಮತ್ತು ಸಿಡಿಲಿನಿಂದ ರಕ್ಷಣೆ ಇದೆಯೇ?
ಕಂಪ್ಯೂಟರ್‌ಗೆ ಯು.ಪಿ.ಎಸ್. ಇದ್ದು ಸ್ವಿಚ್‌ಗೆ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣವೇ ಜಾಲ ನಿಲ್ಲುತ್ತದೆ. ಸ್ವಿಚ್ ಮತ್ತು ಇಂಟರ್‌ನೆಟ್ ಸಾಧನ ಎರಡನ್ನೂ ಯು.ಪಿ.ಎಸ್.ಗೆ ಜೋಡಿಸಿ, ಸರಿಯಾದ ಅರ್ತಿಂಗ್ ಮಾಡಿಸಬೇಕು. ಕಟ್ಟಡಗಳ ನಡುವೆ ಲೋಹದ ಕವಚವಿಲ್ಲದ ಫೈಬರ್ ಎಳೆದರೆ ಸಿಡಿಲಿನ ವಿದ್ಯುತ್ ಆ ಮೂಲಕ ಹರಿಯುವುದಿಲ್ಲ. ಗಾಳಿಯಾಡದ ಬೀರುವಿನಲ್ಲಿಟ್ಟ ಸ್ವಿಚ್ ಬಿಸಿಯಿಂದ ಬೇಗ ಕೆಡುತ್ತದೆ.

6. ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಸರಿಪಡಿಸುತ್ತಾರೆ?
ವಾರಂಟಿಯ ಅವಧಿಯೊಂದೇ ಸಾಲದು. ಬದಲಿ ಸ್ವಿಚ್ ಎಷ್ಟು ದಿನದೊಳಗೆ ಬರುತ್ತದೆ, ಭದ್ರತಾ ತಂತ್ರಾಂಶದ ನವೀಕರಣ ಎಷ್ಟು ವರ್ಷ ದೊರೆಯುತ್ತದೆ, ಅದಕ್ಕೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದು ಲಿಖಿತವಾಗಿರಬೇಕು. ಮೊದಲ ಬೆಲೆಗೆ ಈ ಶುಲ್ಕಗಳನ್ನು ಸೇರಿಸಿ, ಐದಾರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಿದಾಗ ಮಾತ್ರ ಕನಿಷ್ಠ ದರ ಯಾವುದೆಂದು ನಿಜವಾಗಿ ತಿಳಿಯುತ್ತದೆ.

ಖರೀದಿ ಮತ್ತು ಸ್ವೀಕೃತಿ

ಮೇಲಿನ ಆರು ಉತ್ತರಗಳೇ ತಾಂತ್ರಿಕ ನಿರ್ದಿಷ್ಟತೆಯಾಗಬೇಕು. ಅದು ಒಂದು ಕಂಪನಿಯ ಹೆಸರಿಗೆ ಕಟ್ಟುಬೀಳದೆ, ಅಗತ್ಯವನ್ನು ಮಾತ್ರ ಹೇಳುವಂತಿರಬೇಕು. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಹಾಗೂ ಚಾಲ್ತಿಯಲ್ಲಿರುವ ಸರ್ಕಾರಿ ಆದೇಶಗಳಿಗೆ ಅನುಗುಣವಾಗಿರಬೇಕು.

ಸ್ವಿಚ್ ಬಂದ ಮೇಲೆ ಎಲ್ಲ ಕ್ಯಾಮೆರಾಗಳನ್ನೂ ಜೋಡಿಸಿ ಒಂದು ರಾತ್ರಿ ನಡೆಸಿ ನೋಡಿದ ನಂತರವೇ ಬಿಲ್ಲಿಗೆ ಶಿಫಾರಸು ಮಾಡುವುದು ಸೂಕ್ತ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿಡಬೇಕು. ಪಾಸ್‌ವರ್ಡ್ ಸರಬರಾಜುದಾರರ ಬಳಿ ಮಾತ್ರ ಉಳಿದರೆ, ಹಣ ಕೊಟ್ಟು ಕೊಂಡ ಸ್ವಿಚ್‌ನ ಮೇಲೆ ಪಂಚಾಯತಿಗೆ ಹಿಡಿತವಿರುವುದಿಲ್ಲ. ಕ್ರಮಸಂಖ್ಯೆ, ವಾರಂಟಿ ಮುಗಿಯುವ ದಿನಾಂಕ ಮತ್ತು ಯಾವ ಪೋರ್ಟಿಗೆ ಯಾವ ಸಾಧನ ಎಂಬ ವಿವರವನ್ನು ದಾಸ್ತಾನು ವಹಿಯಲ್ಲಿ ದಾಖಲಿಸಬೇಕು.

ಈ ಪ್ರಶ್ನೆಗಳನ್ನು ಕೇಳಲು ಸದಸ್ಯರು ತಂತ್ರಜ್ಞರಾಗಿರಬೇಕಿಲ್ಲ. ಚರಂಡಿ ಕಾಮಗಾರಿಗೆ ಅನುಮೋದನೆ ನೀಡುವ ಮುನ್ನ ಅದರ ಉದ್ದ, ಅಗಲ ಮತ್ತು ಇಳಿಜಾರನ್ನು ವಿಚಾರಿಸುವ ಸಭೆಯು ಸ್ವಿಚ್‌ನ ಪೋರ್ಟ್, ವ್ಯಾಟ್ ಮತ್ತು ವಾರಂಟಿಯನ್ನೂ ವಿಚಾರಿಸಬಲ್ಲದು. ಅಗತ್ಯಪಟ್ಟಿಯಿಲ್ಲದೆ ಮುಂದೆ ಬಂದ ದರಪಟ್ಟಿಯನ್ನು ಹಿಂದಿರುಗಿಸಿ, ಅದರೊಂದಿಗೆ ಮುಂದಿನ ಸಭೆಗೆ ಮಂಡಿಸುವಂತೆ ಸೂಚಿಸುವುದು ಸಭೆಯ ಅಧಿಕಾರವೂ ಹೌದು, ಹೊಣೆಯೂ ಹೌದು.