ನಿಮಗಿದು ಗೊತ್ತೆ? ಗೇಮಿಂಗ್ ಲ್ಯಾಪ್‌ಟಾಪ್ ತಣ್ಣಗಿದ್ದರೆ ಫ್ಯಾನೂ ಸುಮ್ಮನಿರುತ್ತದೆ!

ಗೇಮ್ ಆಡುವಾಗ ಲ್ಯಾಪ್‌ಟಾಪಿನ ಪ್ರೊಸೆಸರ್ 90 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಸಾಮಾನ್ಯವಾಗಿ 95ರಿಂದ 105 ಡಿಗ್ರಿಯ ನಡುವಿನ ಮಿತಿ ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗಲೇ ಗೇಮ್ ತಡವರಿಸುವುದು.

● ಚಿಪ್‌ನ ಶಾಖವನ್ನು ಹೊರಗೆ ಸಾಗಿಸುವುದು ತಾಮ್ರದ ಕೊಳವೆ. ಗಾಳಿ ತೆಗೆದ ಆ ಕೊಳವೆಯಲ್ಲಿ ಸಾಮಾನ್ಯವಾಗಿ ತುಸುವೇ ನೀರಿರುತ್ತದೆ. ಅದು 100 ಡಿಗ್ರಿಗಿಂತ ಬಹಳ ಮೊದಲೇ ಆವಿಯಾಗಿ ಅಂಚಿನ ಲೋಹದ ತೆಳು ಪಟ್ಟಿಗಳತ್ತ ಹರಿದು, ಅಲ್ಲಿ ತಣಿದು, ನೀರಾಗಿ ಮರಳುತ್ತದೆ.

● ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ.

● ಚಿಪ್‌ಗೆ ಕೊಡುವ ವೋಲ್ಟೇಜನ್ನು ಶೇ 10ರಷ್ಟು ಇಳಿಸಿದರೆ, ಅದೇ ವೇಗದಲ್ಲೂ ಅದರ ಕಾರ್ಯಕ್ಕೆ ಬೇಕಾದ ವಿದ್ಯುತ್ ಸುಮಾರು ಶೇ 19ರಷ್ಟು ತಗ್ಗುತ್ತದೆ. ಇದೇ ‘ಅಂಡರ್‌ವೋಲ್ಟಿಂಗ್’. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಈ ಅವಕಾಶ ಇರುವುದಿಲ್ಲ; ಅತಿಯಾದರೆ ಯಂತ್ರ ಹಠಾತ್ತನೆ ನಿಂತುಬಿಡಬಹುದು.

● ಸುಲಭದ ದಾರಿಯೂ ಇದೆ: ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿಯನ್ನು ಸೆಕೆಂಡಿಗೆ 60ಕ್ಕೆ ನಿಲ್ಲಿಸಿ. ಗ್ರಾಫಿಕ್ಸ್ ಚಿಪ್ ಅನಗತ್ಯವಾಗಿ ದುಡಿಯುವುದು ತಪ್ಪುತ್ತದೆ.

● ಹಾಸಿಗೆ, ದಿಂಬಿನ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಮೇಜಿನ ಮೇಲಿಟ್ಟು, ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ.

● ದೂಳು ಊದಿ ತೆಗೆಯುವ ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಅತಿವೇಗವಾಗಿ ಸುತ್ತಿದರೆ ಬೇರಿಂಗ್ ಹಾಳಾಗಬಹುದು.